ಕಾರು ತಗ್ಗಿಸಿದರೆ ಹೆಡ್‌ಲೈಟ್ ತಾನಾಗಿಯೇ ಸರಿಹೋಗುತ್ತದೆಯೇ? ಐದು ಸೆಂಟಿಮೀಟರಿನ ಲೆಕ್ಕ ಇಲ್ಲಿದೆ

ಕಬ್ಬು ನುರಿಸುವ ಹಂಗಾಮು ಶುರುವಾದರೆ ಬಾಗಲಕೋಟೆ ಜಿಲ್ಲೆಯ ಪಶ್ಚಿಮ ಭಾಗದ ರಸ್ತೆಗಳಿಗೆ ರಾತ್ರಿ ನಿದ್ದೆ ಇರುವುದಿಲ್ಲ. ಬೀಳಗಿ ತಾಲ್ಲೂಕಿನ ಬಾಡಗಂಡಿ, ರಬಕವಿ-ಬನಹಟ್ಟಿ ಕಡೆಯ ಸಮೀರವಾಡಿ, ಮುಧೋಳ, ಜಮಖಂಡಿ ಸುತ್ತಲಿನ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ಸಾಲುಗಟ್ಟಿ ಹೋಗುತ್ತವೆ. ಒಂದೊಂದು ಟ್ರ್ಯಾಕ್ಟರಿನ ಹಿಂದೆ ಎರಡೆರಡು ಟ್ರೇಲರ್. ಎಷ್ಟೋ ಟ್ರೇಲರುಗಳಿಗೆ ಹಿಂದಿನ ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಹೊರಗೆ ಜೋತುಬಿದ್ದ ಕಬ್ಬಿನ ಸೋಗೆ ಅದನ್ನು ಮುಚ್ಚಿಬಿಟ್ಟಿರುತ್ತದೆ. ಇಂಥ ರಸ್ತೆಯಲ್ಲಿ ಕಾರು ಓಡಿಸುವವನಿಗೆ ಮುಂದಿನ ಟ್ರೇಲರ್ ಕಾಣುವುದು ಅವನ ಹೆಡ್‌ಲೈಟ್ ಅದರ ಮೇಲೆ ಬಿದ್ದಾಗ ಮಾತ್ರ.

ಇದೇ ರಸ್ತೆಗಳಲ್ಲಿ ಈಗ ಸಸ್ಪೆನ್ಷನ್ ತಗ್ಗಿಸಿದ ಕಾರುಗಳೂ ಓಡಾಡುತ್ತವೆ. ಸ್ಪ್ರಿಂಗ್ ಬದಲಿಸಿಯೋ, ಇರುವ ಸ್ಪ್ರಿಂಗನ್ನೇ ಕತ್ತರಿಸಿಯೋ ಕಾರನ್ನು ನೆಲಕ್ಕೆ ಹತ್ತಿರ ತರುವುದು ಯುವಕರ ನಡುವೆ ಒಂದು ಷೋಕಿ. ಇದರ ಜತೆಗೆ ಮೊಬೈಲಿನಿಂದ ಮೊಬೈಲಿಗೆ ಹಾರುವ ಸಲಹೆಗಳೂ ಇವೆ. ಕಾರು ತಗ್ಗಿದರೆ ದೀಪವೂ ತಗ್ಗುತ್ತದೆ, ಹಾಗಾಗಿ ಎದುರಿನವರ ಕಣ್ಣಿಗೆ ಹೊಡೆಯುವುದಿಲ್ಲ ಎನ್ನುವುದು ಒಂದು. ತಗ್ಗಿಸಿದ ಮೇಲೆ ದೂರ ಕಾಣದಿದ್ದರೆ ಸ್ಕ್ರೂ ತಿರುಗಿಸಿ ದೀಪವನ್ನು ಮೇಲೆತ್ತಿ ಎನ್ನುವುದು ಇನ್ನೊಂದು. ಸಾಲದಿದ್ದರೆ ಹೆಚ್ಚು ವ್ಯಾಟಿನ ಬಲ್ಬ್ ಅಥವಾ ಎಲ್‌ಇಡಿ ಹಾಕಿಸಿ ಎನ್ನುವುದು ಮೂರನೆಯದು.

ಮೂರೂ ತಪ್ಪು ದಾರಿ ತೋರಿಸುತ್ತವೆ. ದೀಪ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದಕ್ಕಿಂತ ಕಾರು ಹಿಂದೆ-ಮುಂದೆ ಎಷ್ಟು ವಾಲಿದೆ ಎಂಬುದೇ ಇಲ್ಲಿ ಮುಖ್ಯ. ಅದಕ್ಕೇ ಈ ಲೆಕ್ಕ ಕಾರು ತಗ್ಗಿಸಿದವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಐದು ಜನ ಕೂತು, ಡಿಕ್ಕಿ ತುಂಬ ಸಾಮಾನು ಹೇರಿಕೊಂಡು ಜಾತ್ರೆಗೆ ಹೊರಟ ಮನೆಯವರಿಗೂ ಇದು ಅಷ್ಟೇ ಅನ್ವಯಿಸುತ್ತದೆ.

ಲೋ ಬೀಮಿನ ಗುಟ್ಟು: ಮೀಟರಿಗೆ ಒಂದು ಸೆಂಟಿಮೀಟರ್

ರಾತ್ರಿ ಕಾರನ್ನು ಗೋಡೆಯ ಎದುರು ನಿಲ್ಲಿಸಿ ಲೋ ಬೀಮ್, ಅಂದರೆ ನಾವು ಡಿಮ್ ಎನ್ನುವ ಬೆಳಕನ್ನು ಹಾಕಿ ನೋಡಿ. ಗೋಡೆಯ ಕೆಳಭಾಗ ಬೆಳಗಿರುತ್ತದೆ, ಮೇಲ್ಭಾಗ ಕತ್ತಲಾಗಿರುತ್ತದೆ. ನಡುವೆ ಅಡ್ಡಕ್ಕೆ ಒಂದು ಗೆರೆ ಕಾಣುತ್ತದೆ. ಆ ಗೆರೆಯ ಕೆಳಗಿನ ಬೆಳಕು ನಿಮಗೆ ರಸ್ತೆ ತೋರಿಸಲು. ಮೇಲಿನ ಕತ್ತಲು ಎದುರಿನವರ ಕಣ್ಣು ಕಾಪಾಡಲು. ನಮ್ಮಲ್ಲಿ ವಾಹನಗಳು ಎಡಗಡೆ ಓಡುವುದರಿಂದ ಈ ಗೆರೆ ಎಡತುದಿಯಲ್ಲಿ ಸ್ವಲ್ಪ ಮೇಲೇಳುತ್ತದೆ. ರಸ್ತೆಯ ಎಡಬದಿಯಲ್ಲಿ ನಡೆಯುವವರು, ಫಲಕಗಳು ಕಾಣಲೆಂದೇ ಈ ಏರ್ಪಾಡು.

ಈ ಗೆರೆ ನೆಲಕ್ಕೆ ಸಮಾನಾಂತರವಾಗಿ ಹೋಗುವುದಿಲ್ಲ, ತುಸು ಕೆಳಮುಖವಾಗಿ ಇಳಿಯುತ್ತದೆ. ಸಾಮಾನ್ಯ ಕಾರುಗಳಲ್ಲಿ ಈ ಇಳಿಜಾರು ಸುಮಾರು 1 ಶೇಕಡಾ. ಅಂದರೆ ದೀಪದಿಂದ 1 ಮೀಟರ್ ಮುಂದೆ ಹೋದರೆ 1 ಸೆಂ.ಮೀ. ಕೆಳಗೆ, 10 ಮೀಟರ್ ಮುಂದೆ ಹೋದರೆ 10 ಸೆಂ.ಮೀ. ಕೆಳಗೆ. ಎಷ್ಟೋ ಕಾರುಗಳಲ್ಲಿ ಹೆಡ್‌ಲೈಟ್ ಮೇಲೆ ಅಥವಾ ಬಾನೆಟ್ ಒಳಗಿನ ಚೀಟಿಯಲ್ಲಿ ಸಣ್ಣ ದೀಪದ ಚಿತ್ರದ ಪಕ್ಕ 1.0 ಅಥವಾ 1.2 ಶೇಕಡಾ ಎಂದು ಅಚ್ಚು ಹಾಕಿರುತ್ತಾರೆ. ನಿಮ್ಮ ಕಾರಿನ ಸರಿಯಾದ ಅಳತೆ ಅದೇ.

ನೆಲದಿಂದ 65 ಸೆಂ.ಮೀ. ಎತ್ತರದಲ್ಲಿ ದೀಪ ಇರುವ ಒಂದು ಕಾರು ತೆಗೆದುಕೊಳ್ಳೋಣ. 1 ಶೇಕಡಾ ಇಳಿಜಾರಿದ್ದರೆ ಬೆಳಕಿನ ಗೆರೆ 65 ಮೀಟರ್ ದೂರದಲ್ಲಿ ರಸ್ತೆಗೆ ತಾಗುತ್ತದೆ. ಮುಂದಿನ ಎಲ್ಲ ಲೆಕ್ಕವನ್ನೂ ಇದೇ ಕಾರಿನ ಮೇಲೆ ಮಾಡಿ ನೋಡೋಣ.

ನಾಲ್ಕೂ ಕಡೆ ಸಮನಾಗಿ ತಗ್ಗಿಸಿದರೆ

ಮುಂದೆ 4 ಸೆಂ.ಮೀ., ಹಿಂದೆಯೂ 4 ಸೆಂ.ಮೀ. ತಗ್ಗಿಸಿದಿರಿ ಎಂದುಕೊಳ್ಳಿ. ದೀಪದ ಎತ್ತರ 61 ಸೆಂ.ಮೀ. ಆಯಿತು. ಕಾರು ವಾಲಿಲ್ಲ, ಹಾಗಾಗಿ ಇಳಿಜಾರು ಮೊದಲಿನಷ್ಟೇ ಇದೆ. ಗೆರೆ ಈಗ 61 ಮೀಟರ್ ದೂರದಲ್ಲಿ ನೆಲಕ್ಕೆ ತಾಗುತ್ತದೆ. ನಷ್ಟವಾದದ್ದು 4 ಮೀಟರ್ ಮಾತ್ರ. ಕೋನ ಬದಲಾಗದ ಕಾರಣ ಸ್ಕ್ರೂ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಇಲ್ಲಿ ಜನ ಮಾಡುವ ತಪ್ಪು ಏನೆಂದರೆ, ದೀಪ ತಗ್ಗಿದೆ ಎಂಬ ಭಾವನೆಯಿಂದ ಸ್ಕ್ರೂ ತಿರುಗಿಸಿ ಮೇಲೆತ್ತುವುದು. ಹೋದ 4 ಮೀಟರನ್ನು ಮರಳಿ ಪಡೆಯಲು ಹೋಗಿ ಇಳಿಜಾರನ್ನೇ ಕಳೆದುಬಿಡುತ್ತಾರೆ. ಇಳಿಜಾರು ಹೋದರೆ ಗೆರೆ ನೆಲಕ್ಕೆ ತಾಗುವುದೇ ಇಲ್ಲ.

ಹಿಂದೆ ಮಾತ್ರ ಕುಸಿದರೆ, ಮುಂದೆ ಮಾತ್ರ ಕುಸಿದರೆ

ಕತ್ತರಿಸಿದ ಸ್ಪ್ರಿಂಗುಗಳು ಹಿಂದೆ-ಮುಂದೆ ಸಮನಾಗಿ ತಗ್ಗುವುದು ಅಪರೂಪ. ಮುಂದೆ ಎಂಜಿನ್ ಭಾರ ಇರುತ್ತದೆ, ಹಿಂದಿನ ಸ್ಪ್ರಿಂಗಿನ ರಚನೆಯೇ ಬೇರೆ ಇರುತ್ತದೆ. ಒಂದೊಂದು ಸುತ್ತು ಕತ್ತರಿಸಿದರೂ ಎರಡು ಕಡೆ ಕುಸಿತ ಬೇರೆ ಬೇರೆ ಆಗಬಹುದು.

ನಮ್ಮ ಕಾರಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ 2.5 ಮೀಟರ್ ಎಂದಿಟ್ಟುಕೊಳ್ಳಿ. ಹಿಂಭಾಗ ಮಾತ್ರ 5 ಸೆಂ.ಮೀ. ಕುಸಿಯಿತು. 250 ಸೆಂ.ಮೀ.ಗೆ 5 ಸೆಂ.ಮೀ. ಅಂದರೆ 2 ಶೇಕಡಾ. ಕಾರಿನ ಮೂತಿ ಅಷ್ಟು ಮೇಲಕ್ಕೆ ಎದ್ದಿತು. ಮೊದಲು 1 ಶೇಕಡಾ ಕೆಳಗೆ ನೋಡುತ್ತಿದ್ದ ದೀಪ ಈಗ 1 ಶೇಕಡಾ ಮೇಲೆ ನೋಡುತ್ತಿದೆ. 50 ಮೀಟರ್ ದೂರದಲ್ಲಿ ಆ ಬೆಳಕಿನ ಗೆರೆಯ ಎತ್ತರ 65ಕ್ಕೆ 50 ಸೇರಿಸಿ 115 ಸೆಂ.ಮೀ. ಎದುರಿನಿಂದ ಬರುವ ಸಣ್ಣ ಕಾರಿನ ಚಾಲಕನ ಕಣ್ಣು ಇರುವುದೂ ಹೆಚ್ಚುಕಡಿಮೆ ಇಷ್ಟೇ ಎತ್ತರದಲ್ಲಿ. ನೀವು ಡಿಮ್ ಹಾಕಿದ್ದೀರಿ, ಆದರೂ ಅವನು ನಿಮಗೆ ಡಿಪ್ಪರ್ ಹೊಡೆಯುತ್ತಾನೆ. ತಪ್ಪು ಅವನದಲ್ಲ.

ಅರ್ಧ ಕುಸಿತವೂ ಸಾಕು. ಹಿಂಭಾಗ 2.5 ಸೆಂ.ಮೀ., ಅಂದರೆ ಬರೀ ಒಂದು ಅಂಗುಲ ತಗ್ಗಿದರೆ 1 ಶೇಕಡಾ ಇಳಿಜಾರು ಪೂರ್ತಿ ಮಾಯವಾಗುತ್ತದೆ.

ಈಗ ಉಲ್ಟಾ ನೋಡಿ. ಮುಂಭಾಗ ಮಾತ್ರ 5 ಸೆಂ.ಮೀ. ತಗ್ಗಿದರೆ ಇಳಿಜಾರು 1ರಿಂದ 3 ಶೇಕಡಾಕ್ಕೆ ಏರುತ್ತದೆ. 60 ಸೆಂ.ಮೀ. ಎತ್ತರದ ದೀಪದ ಬೆಳಕು 20 ಮೀಟರಿನಲ್ಲೇ ನೆಲ ಸೇರುತ್ತದೆ. ಕಾರಿನ ಮುಂದೆ ರಸ್ತೆ ಬೆಳ್ಳಗೆ ಹೊಳೆಯುವುದರಿಂದ ದೀಪ ಚೆನ್ನಾಗಿದೆ ಅನಿಸುತ್ತದೆ. ಆದರೆ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತದೆ. ಅಪಾಯ ಗುರುತಿಸಿ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ ಅಷ್ಟರಲ್ಲೇ 25 ಮೀಟರ್ ದಾಟಿರುತ್ತೀರಿ. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೂ ನಿಲ್ಲಲು ಇನ್ನೂ ಸುಮಾರು 20 ಮೀಟರ್ ಬೇಕು. ಒಟ್ಟು 45. ಬೆಳಕು ಇರುವುದು 20 ಮೀಟರಿಗೆ. ದೀಪವಿಲ್ಲದ ಕಬ್ಬಿನ ಟ್ರೇಲರ್ ನಿಮ್ಮ ಬೆಳಕಿಗೆ ಸಿಗುವ ಹೊತ್ತಿಗೆ ಬ್ರೇಕಿನ ಮೇಲೆ ಕಾಲು ಇಡಲೂ ಸಮಯ ಇರುವುದಿಲ್ಲ.

ಅದೇ ಸರಿಯಾಗಿ ಹೊಂದಿಸಿದ ದೀಪದಲ್ಲಿ 60 ಮೀಟರಿಗೂ ಹೆಚ್ಚು ಬೆಳಕು ಇರುತ್ತದೆ. 45 ಮೀಟರಿಗೂ 60 ಮೀಟರಿಗೂ ನಡುವಿನ ಆ ಅಂತರವೇ ನಿಮ್ಮ ಜೀವದ ಬಂಡವಾಳ. ವೇಗ 80ಕ್ಕೆ ಏರಿದರೆ ಇದೇ ಲೆಕ್ಕದಲ್ಲಿ ನಿಲ್ಲಲು ಸುಮಾರು 70 ಮೀಟರ್ ಬೇಕು. ಆಗ ಸರಿಯಾದ ಲೋ ಬೀಮ್ ಕೂಡ ಸಾಲದು. ಖಾಲಿ ರಸ್ತೆಯಲ್ಲಿ ಹೈ ಬೀಮ್, ಎದುರಿಗೆ ವಾಹನ ಬಂದಾಗ ಡಿಮ್ ಹಾಕಿ ವೇಗ ಕಡಿಮೆ ಮಾಡುವುದು ಎಂಬ ಹಳೆಯ ಪಾಠದ ಹಿಂದೆ ಇರುವುದು ಈ ಲೆಕ್ಕ.

ನನ್ನ ಕಾರು ತಗ್ಗಿಸಿಲ್ಲ, ನನಗೇನು?

ಸ್ಪ್ರಿಂಗಿಗೆ ಕತ್ತರಿ ಹಾಕಿದ್ದಾರೋ, ಹಿಂದಿನ ಸೀಟಿನಲ್ಲಿ ಮೂವರು ಕೂತಿದ್ದಾರೋ ಎಂಬುದು ದೀಪಕ್ಕೆ ಗೊತ್ತಾಗುವುದಿಲ್ಲ. ಹಿಂದೆ ಮೂರು ಜನ, ಡಿಕ್ಕಿಯಲ್ಲಿ ಎರಡು ಚೀಲ ಜೋಳ ಇದ್ದರೆ ಕಾರಿನ ಹಿಂಭಾಗ ಕೆಲವು ಸೆಂಟಿಮೀಟರ್ ಕುಸಿಯುವುದು ಸಹಜ. ಒಂದು ಅಂಗುಲಕ್ಕೆ ಏನಾಗುತ್ತದೆ ಎಂದು ಮೇಲೆ ನೋಡಿದೆವು. ಹಳೆಯ ಕಾರಿನಲ್ಲಿ ಸ್ಪ್ರಿಂಗ್ ಸೋತಿದ್ದರೆ ಕುಸಿತ ಇನ್ನೂ ಹೆಚ್ಚು.

ಇದಕ್ಕೆಂದೇ ಬಹಳಷ್ಟು ಕಾರುಗಳಲ್ಲಿ ಸ್ಟೀರಿಂಗ್ ಪಕ್ಕ 0, 1, 2, 3 ಎಂದು ಬರೆದ ಒಂದು ಸಣ್ಣ ಗಾಲಿ ಇರುತ್ತದೆ. ಅನೇಕರು ಅದನ್ನು ಜೀವನದಲ್ಲಿ ಒಮ್ಮೆಯೂ ಮುಟ್ಟಿರುವುದಿಲ್ಲ. ಕೆಲವರು 3 ಅಂದರೆ ಹೆಚ್ಚು ಬೆಳಕು ಎಂದುಕೊಂಡಿರುತ್ತಾರೆ. ಅದು ಹಾಗಲ್ಲ. ಅಂಕಿ ಹೆಚ್ಚಿದಷ್ಟೂ ಬೆಳಕಿನ ಗೆರೆ ಕೆಳಗೆ ಇಳಿಯುತ್ತದೆ. ಸಾಮಾನ್ಯವಾಗಿ ಮುಂದಿನ ಸೀಟಿನಲ್ಲಿ ಮಾತ್ರ ಜನ ಇದ್ದರೆ 0, ಎಲ್ಲ ಸೀಟೂ ತುಂಬಿದ್ದರೆ 1, ಜನರ ಜತೆಗೆ ಸಾಮಾನೂ ಇದ್ದರೆ 2, ಚಾಲಕನೊಬ್ಬನೇ ಇದ್ದು ಡಿಕ್ಕಿ ಭರ್ತಿ ಇದ್ದರೆ 3. ನಿಮ್ಮ ಕಾರಿನ ಕೈಪಿಡಿಯಲ್ಲಿ ನಿಖರವಾಗಿ ಬರೆದಿರುತ್ತದೆ. ಭಾರ ಇಳಿಸಿದ ಮೇಲೆ ಮರೆಯದೆ 0ಗೆ ತನ್ನಿ, ಇಲ್ಲದಿದ್ದರೆ ದೂರದ ರಸ್ತೆ ಕಾಣುವುದಿಲ್ಲ.

ಸ್ಪ್ರಿಂಗಿನ ನಡುವೆ ಸಿಕ್ಕಿಸುವ ರಬ್ಬರ್ ಬಫರುಗಳದ್ದೂ ಇದೇ ಕಥೆ. ಹಂಪಿಗೆ ಕಾರಿನ ಹೊಟ್ಟೆ ತಾಗಬಾರದೆಂದು ಮುಂದಿನ ಸ್ಪ್ರಿಂಗಿಗೆ ಮಾತ್ರ ಬಫರ್ ಹಾಕಿಸಿ 2 ಸೆಂ.ಮೀ. ಎತ್ತರಿಸಿದರೆ 1 ಶೇಕಡಾ ಇಳಿಜಾರಿನಲ್ಲಿ ಉಳಿಯುವುದು 0.2 ಮಾತ್ರ. ಬೈಕಿನಲ್ಲೂ ಅಷ್ಟೇ. ಹಿಂದೆ ಭಾರದ ಸವಾರ ಕೂತಾಗ ಹಿಂಭಾಗ ತಗ್ಗಿ ದೀಪ ಮೇಲೆ ನೋಡುತ್ತದೆ.

ಎದುರಿನವರ ಕಣ್ಣಿನೊಳಗೆ ಏನಾಗುತ್ತದೆ?

ತೀಕ್ಷ್ಣ ಬೆಳಕು ಕಣ್ಣಿಗೆ ಬಿದ್ದಾಗ ಅದರ ಒಂದು ಪಾಲು ಕಣ್ಣಿನ ಮಸೂರದೊಳಗೆ ಚದುರುತ್ತದೆ. ಇಡೀ ನೋಟದ ಮೇಲೆ ಬಿಳಿ ಪರದೆ ಎಳೆದಂತಾಗುತ್ತದೆ. ಆ ಪರದೆಯ ಹಿಂದೆ ಕಪ್ಪು ಸೀರೆ ಉಟ್ಟು ರಸ್ತೆ ದಾಟುವ ಅಜ್ಜಿಯಾಗಲಿ, ಬೂದು ಬಣ್ಣದ ಎಮ್ಮೆಯಾಗಲಿ ಕಾಣುವುದಿಲ್ಲ. ವಾಹನ ದಾಟಿಹೋದ ಮೇಲೂ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಕೆಲವು ಸೆಕೆಂಡು ಬೇಕು. 60 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡ್ ಅಂದರೆ 50 ಮೀಟರ್ ಕುರುಡಾಗಿ ಓಡಿಸಿದಂತೆ.

ವಯಸ್ಸಾದಂತೆ ಮಸೂರ ಮಬ್ಬಾಗಿ ಬೆಳಕು ಹೆಚ್ಚು ಚದುರುತ್ತದೆ, ಚೇತರಿಕೆಯೂ ನಿಧಾನ. ಪೊರೆ ಬರಲು ಶುರುವಾದವರಿಗೆ ಇನ್ನೂ ಕಷ್ಟ. 25 ವರ್ಷದ ಹುಡುಗನಿಗೆ ಬರೀ ಕಿರಿಕಿರಿ ಅನಿಸುವ ಬೆಳಕು 60 ದಾಟಿದ ಅವನ ಅಪ್ಪನನ್ನು ರಸ್ತೆಯಿಂದ ಇಳಿಸಿಬಿಡಬಹುದು.

ಬಲ್ಬ್ ಬದಲಿಸಿದರೆ ಸರಿಹೋಗುವುದಿಲ್ಲವೇ?

ಇಲ್ಲ. ತಪ್ಪು ಕಡೆ ನೋಡುತ್ತಿರುವ ದೀಪಕ್ಕೆ ಶಕ್ತಿ ಹೆಚ್ಚಿಸಿದರೆ ತಪ್ಪೂ ಹೆಚ್ಚುತ್ತದೆ, ಅಷ್ಟೇ.

ನಮ್ಮ ಬಹಳಷ್ಟು ಕಾರುಗಳಲ್ಲಿರುವ ಎಚ್4 ಹ್ಯಾಲೊಜೆನ್ ಬಲ್ಬನ್ನು ನೋಡಿ. ಅದರಲ್ಲಿ ಎರಡು ತಂತಿಗಳು ಇರುತ್ತವೆ. ಹೈ ಬೀಮಿಗೆ 60 ವ್ಯಾಟ್, ಲೋ ಬೀಮಿಗೆ 55 ವ್ಯಾಟ್. ಲೋ ಬೀಮಿನ ತಂತಿಯ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಅದು ಬೆಳಕು ದೀಪದೊಳಗಿನ ಕನ್ನಡಿಯ ಕೆಳ ಅರ್ಧಕ್ಕೆ ಬೀಳದಂತೆ ತಡೆಯುತ್ತದೆ. ಮೇಲರ್ಧಕ್ಕೆ ಬಿದ್ದ ಬೆಳಕು ಪ್ರತಿಫಲಿಸಿ ರಸ್ತೆಯ ಕಡೆ ಇಳಿಯುತ್ತದೆ. ತಂತಿ ಎಲ್ಲಿರಬೇಕು ಎಂಬುದು ಮಿಲಿಮೀಟರ್ ಲೆಕ್ಕದ ವಿಷಯ. ಆ ಜಾಗಕ್ಕೆ ಅಂಗಡಿಯ ಎಲ್‌ಇಡಿ ಬಲ್ಬ್ ಸಿಕ್ಕಿಸಿದಾಗ ಬೆಳಕು ಹೊರಡುವ ಜಾಗ, ಆಕಾರ ಎರಡೂ ಬದಲಾಗುತ್ತವೆ. ಗೋಡೆಯ ಮೇಲಿನ ಗೆರೆ ಕಲಸಿಹೋಗುತ್ತದೆ. ಗೆರೆಯೇ ಇಲ್ಲದ ಮೇಲೆ ಯಾವ ಸ್ಕ್ರೂ ತಿರುಗಿಸಿದರೂ ದೀಪ ಹೊಂದುವುದಿಲ್ಲ. ಕಂಪನಿಯೇ ಎಲ್‌ಇಡಿಗೆಂದು ವಿನ್ಯಾಸ ಮಾಡಿ ಕೊಟ್ಟ ಹೆಡ್‌ಲೈಟ್ ಬೇರೆ, ಹ್ಯಾಲೊಜೆನ್ ಮನೆಯೊಳಗೆ ಕೂರಿಸಿದ ಎಲ್‌ಇಡಿ ಬೇರೆ.

ಬಲಬದಿಯಲ್ಲಿ ವಾಹನ ಓಡಿಸುವ ದೇಶಗಳಿಗೆಂದು ತಯಾರಾದ ಹೆಡ್‌ಲೈಟನ್ನು ತಂದು ಹಾಕಿಸುವುದೂ ಅಪಾಯ. ಅದರ ಗೆರೆ ಮೇಲೇಳುವುದು ಬಲತುದಿಯಲ್ಲಿ, ಅಂದರೆ ನೇರವಾಗಿ ಎದುರಿನವರ ಕಣ್ಣಿಗೆ.

ಮನೆಯ ಗೋಡೆಯ ಮೇಲೆ ಪರೀಕ್ಷೆ

ಇದಕ್ಕೆ ಬೇಕಾದದ್ದು ಸಮತಟ್ಟಾದ ನೆಲ, ಒಂದು ಗೋಡೆ, ಅಳತೆ ಟೇಪು ಮತ್ತು ಅಂಟುಪಟ್ಟಿ. ನೆಲ ಸಮ ಇದೆಯೋ ಇಲ್ಲವೋ ಅನುಮಾನ ಇದ್ದರೆ ಗೌಂಡಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪು ಸಾಕು. ಒಂದು ತುದಿ ದೀಪದ ನಡುಭಾಗಕ್ಕೆ, ಇನ್ನೊಂದು ತುದಿ ಗೋಡೆಗೆ ಹಿಡಿದರೆ ದೀಪದ ಮಟ್ಟ ಗೋಡೆಯ ಮೇಲೆ ಸಿಕ್ಕಿಬಿಡುತ್ತದೆ. ಆದರೂ ಕಾರು ನಿಂತ ಜಾಗ ಇಳಿಜಾರಾಗಿರಬಾರದು.

1. ನಾಲ್ಕೂ ಟೈರುಗಳ ಗಾಳಿ ಸರಿ ಮಾಡಿಸಿ. ಡಿಕ್ಕಿ ಖಾಲಿ ಮಾಡಿ. ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ. ಗಾಲಿ ಸ್ವಿಚ್ 0ಯಲ್ಲಿರಲಿ.

2. ಕಾರನ್ನು ಹಿಂದೆ-ಮುಂದೆ ಒಂದೆರಡು ಸಲ ಉರುಳಿಸಿ, ಮೂಲೆಗಳನ್ನು ಕೈಯಿಂದ ಒತ್ತಿ ಬಿಡಿ. ಸ್ಪ್ರಿಂಗ್ ತನ್ನ ಸಹಜ ಮಟ್ಟಕ್ಕೆ ಬರುತ್ತದೆ.

3. ಕಾರು ಗೋಡೆಗೆ ನೇರವಾಗಿ ಮುಖ ಮಾಡಿರಲಿ. ದೀಪದಿಂದ ಗೋಡೆಗೆ 5 ಮೀಟರ್ ಅಂತರ ಇರಲಿ. ಜಾಗ ಇದ್ದರೆ 10 ಮೀಟರ್ ಇನ್ನೂ ಒಳ್ಳೆಯದು.

4. ದೀಪದ ನಡುಭಾಗದ ಎತ್ತರವನ್ನು ಗೋಡೆಯ ಮೇಲೆ ಗುರುತು ಮಾಡಿ. ಇಳಿಜಾರು 1 ಶೇಕಡಾ ಆಗಿದ್ದರೆ ಆ ಗುರುತಿನಿಂದ 5 ಸೆಂ.ಮೀ. ಕೆಳಗೆ, 10 ಮೀಟರ್ ಅಂತರವಾದರೆ 10 ಸೆಂ.ಮೀ. ಕೆಳಗೆ ಅಡ್ಡಪಟ್ಟಿ ಅಂಟಿಸಿ. ನಿಮ್ಮ ಕಾರಿನ ಮೇಲೆ 1.2 ಎಂದಿದ್ದರೆ 6 ಅಥವಾ 12 ಸೆಂ.ಮೀ.

5. ಲೋ ಬೀಮ್ ಹಾಕಿ. ಒಂದು ದೀಪದ ಎದುರು ರಟ್ಟು ಹಿಡಿದು ಇನ್ನೊಂದನ್ನು ನೋಡಿ. ದೀಪದ ಮೇಲೆಯೇ ಬಟ್ಟೆ, ಪ್ಲಾಸ್ಟಿಕ್ ಮುಚ್ಚಬೇಡಿ, ಬಿಸಿಗೆ ಗಾಜು ಹಾಳಾಗುತ್ತದೆ.

6. ಗೆರೆಯ ಸಪಾಟಾದ ಭಾಗ ಪಟ್ಟಿಯ ಮೇಲೆ ಕೂತರೆ ಸರಿ ಇದೆ. ಇಲ್ಲದಿದ್ದರೆ ದೀಪದ ಹಿಂಭಾಗದ ಹೊಂದಾಣಿಕೆ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ ನೋಡಿ. ಯಾವ ಸ್ಕ್ರೂ ಮೇಲೆ-ಕೆಳಗೆ, ಯಾವುದು ಎಡ-ಬಲ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹೊಸ ಸ್ಪ್ರಿಂಗ್ ಹಾಕಿಸಿದವರು ಎರಡು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು, ಏಕೆಂದರೆ ಸ್ಪ್ರಿಂಗ್ ಇನ್ನಷ್ಟು ಕುಸಿದು ಕೂರುತ್ತದೆ. ಮನೆಯಲ್ಲಿ ಆಗದಿದ್ದರೆ ದೀಪ ಹೊಂದಿಸುವ ಯಂತ್ರ ಇರುವ ಸರ್ವಿಸ್ ಸೆಂಟರಿಗೆ ಹೋಗಿ. ಗ್ಯಾರೇಜಿನಲ್ಲಿ “ಲೈಟ್ ಸ್ವಲ್ಪ ಮ್ಯಾಲ ಮಾಡ್ರಿ, ದೂರ ಕಾಣವಲ್ದು” ಎಂದು ಹೇಳುವ ಬದಲು “ಅಳತಿ ಹಿಡದು ಸೆಟ್ ಮಾಡ್ರಿ” ಎನ್ನಿ.

ದುಬಾರಿ ಕಾರುಗಳಲ್ಲಿ ದೀಪ ತಾನಾಗಿಯೇ ಮೇಲೆ-ಕೆಳಗೆ ಹೊಂದಿಕೊಳ್ಳುವ ವ್ಯವಸ್ಥೆ ಇರುತ್ತದೆ. ಸಸ್ಪೆನ್ಷನ್ ಎಷ್ಟು ಕುಸಿದಿದೆ ಎಂಬುದನ್ನು ಅಳೆಯುವ ಸೆನ್ಸರ್ ಅದಕ್ಕೆ ಮಾಹಿತಿ ಕೊಡುತ್ತದೆ. ಕಾರು ತಗ್ಗಿಸಿದಾಗ ಭಾರ ಹೇರಿದ್ದಾರೆ ಎಂದೇ ಆ ಸೆನ್ಸರ್ ಭಾವಿಸಬಹುದು, ಆಗ ದೀಪ ಅಗತ್ಯಕ್ಕಿಂತ ಕೆಳಗೆ ಇಳಿಯುತ್ತದೆ. ಇಂಥ ಕಾರಿಗೆ ಸ್ಕ್ರೂ ಸಾಲದು, ಸರ್ವಿಸ್ ಸೆಂಟರಿನ ಸ್ಕ್ಯಾನರಿನಿಂದ ಹೊಸ ಮಟ್ಟವನ್ನು ಕಲಿಸಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮ ದೀಪದ ಬೆಳಕು ಸದಾ ಕೆಳಮುಖವಾಗಿರಬೇಕು ಎನ್ನುತ್ತದೆ. ವಾಹನದ ಮುಂದೆ 8 ಮೀಟರ್ ದೂರದಲ್ಲಿ, ಬಲಬದಿಗೆ ಅರ್ಧ ಮೀಟರ್ ಸರಿದು, ನೆಲದಿಂದ 1.5 ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯ ಕಣ್ಣು ಕೋರೈಸಬಾರದು ಎಂಬುದು ಅಳತೆ. ಆದರೆ ಇದಷ್ಟನ್ನೇ ನಂಬಿ ಕೂರಬೇಡಿ. 1 ಶೇಕಡಾ ಮೇಲಕ್ಕೆ ನೋಡುವ ನಮ್ಮ ಉದಾಹರಣೆಯ ದೀಪದ ಗೆರೆ 8 ಮೀಟರಿನಲ್ಲಿ 73 ಸೆಂ.ಮೀ. ಎತ್ತರದಲ್ಲಷ್ಟೇ ಇರುತ್ತದೆ. ಹತ್ತಿರ ನಿಂತವನಿಗೆ ತೊಂದರೆಯಿಲ್ಲ, 50 ಮೀಟರ್ ದೂರದವನಿಗೆ ತೊಂದರೆ. ಹಾಗಾಗಿ ಗೋಡೆ ಪರೀಕ್ಷೆಯೇ ಹೆಚ್ಚು ನಂಬಿಕಸ್ತ.

ಕಾರು ತಗ್ಗಿಸುವುದರ ವಿಷಯಕ್ಕೆ ಬಂದರೆ, ತಯಾರಕರು ನಿಗದಿ ಮಾಡಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ರಾಜ್ಯದಾದ್ಯಂತ ವಿಶೇಷ ಕಾರ್ಯಾಚರಣೆ ನಡೆಸಿದ್ದರು. ಹಾಗಾಗಿ ದೀಪ ಹೊಂದಿಸಿಬಿಟ್ಟರೆ ತಗ್ಗಿಸಿದ ಕಾರು ಕಾನೂನುಬದ್ಧವಾಗುತ್ತದೆ ಎಂದು ಯಾರೂ ತಿಳಿಯಬಾರದು. ಕತ್ತರಿಸಿದ ಸ್ಪ್ರಿಂಗನ್ನು ಮೂಲ ಸ್ಪ್ರಿಂಗಿಗೆ ಬದಲಿಸುವುದೇ ಸರಿಯಾದ ಪರಿಹಾರ. ಅಲ್ಲಿಯವರೆಗೆ ರಾತ್ರಿ ಓಡಿಸುವುದಿದ್ದರೆ ದೀಪವನ್ನಾದರೂ ಅಳತೆಗೆ ತರಬೇಕು.

ಫಾರ್ವರ್ಡ್ ಮಾಡುವ ಮುನ್ನ

ಕಾರು ತಗ್ಗಿಸಿದರೆ ದೀಪ ಸರಿಹೋಗುತ್ತದೆ ಎಂಬುದು ಸುಳ್ಳು. ತಗ್ಗಿಸಿದರೆ ದೀಪವನ್ನು ಮೇಲೆತ್ತಲೇಬೇಕು ಎಂಬುದೂ ಸುಳ್ಳು. ಕಾರು ವಾಲಿದೆಯೇ ಇಲ್ಲವೇ ಎಂಬುದನ್ನು ಅಳೆದು ನೋಡಿ, ಬೇಕಾದರೆ ಮಾತ್ರ ಹೊಂದಿಸಬೇಕು ಎಂಬುದು ನಿಜ. ಇದಕ್ಕೆ ಹಿಡಿಯುವುದು ಒಂದು ಸಂಜೆಯ ಅರ್ಧ ಗಂಟೆ.

ಬೀಳಗಿ ಕ್ರಾಸಿನ ಬಳಿ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ರಾತ್ರಿ ಎದುರುಬದುರಾಗುವ ಇಬ್ಬರು ಚಾಲಕರ ನಡುವೆ ಮಾತುಕತೆ ಇರುವುದಿಲ್ಲ. ಒಬ್ಬರ ಬೆಳಕು ಇನ್ನೊಬ್ಬರ ಕಣ್ಣಿಗೆ ಹೊಡೆದ ಆ ಮೂರು ಸೆಕೆಂಡಿನಲ್ಲಿ ಮುಂದೆ ಕಬ್ಬಿನ ಟ್ರೇಲರ್ ನಿಂತಿರಬಹುದು. ಈ ಲೇಖನವನ್ನು ಹಂಚಿಕೊಳ್ಳುವ ಮೊದಲು ನಿಮ್ಮದೇ ಕಾರನ್ನು ಗೋಡೆಯ ಎದುರು ನಿಲ್ಲಿಸಿ ಒಮ್ಮೆ ನೋಡಿ.